ಸದ್ದಿನ ಹಾಳೆ

ಇಳಾ, ನಿಶಾಂತ, ಲಂಡನ್ನಿನ ಹೌನ್ಸ್ಲೋದಲ್ಲಿ ನೀವಿದ್ದ ಮನೆ ನಿಮಗೆ ಸರಿಯಾಗಿ ನೆನಪಿರಲಾರದು. ಇಳಾ ಆಗ ಐದು ವರ್ಷದವಳು, ನಿಶಾಂತ ಒಂಬತ್ತು ತಿಂಗಳ ಕೂಸು. ಈಗ ಯಾರಾದರೂ ಕೇಳಿದರೆ ಎಜ್‌ವೇರ್‌ನ ಈ ಮನೆಯನ್ನೇ ನಿಮ್ಮ ಮನೆ ಎನ್ನುತ್ತೀರಿ. ಆದರೆ ನಿಶಾಂತ ಅಂಬೆಗಾಲಿಟ್ಟದ್ದು ಆ ಮನೆಯ ಅಡುಗೆಮನೆಯಲ್ಲಿ, ಇಳಾ ಮೊದಲ ಹಲ್ಲು ಕಳೆದುಕೊಂಡದ್ದು ಅದರ ಮೆಟ್ಟಿಲ ಮೇಲೆ. ಮನುಷ್ಯರ ಸ್ವಭಾವ ಗಟ್ಟಿಯಾಗುವುದು ಬಾಲ್ಯದಲ್ಲಿ ಎನ್ನುತ್ತಾರೆ. ನನ್ನದು ಸ್ವಲ್ಪ ತಡವಾಯಿತು. ಅದರ ಒಂದು ಪಾಲು ನನ್ನ ಅರವತ್ತಾರನೆಯ ವಯಸ್ಸಿನಲ್ಲಿ, ನಿಮ್ಮ ಬಾಲ್ಯದ ಮನೆಯಲ್ಲಿ, ಎರಡು ವಾರದೊಳಗೆ ಆಯಿತು. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು, ಬರೆಯಲು ಬರುವುದು ಕನ್ನಡ ಒಂದೇ. ನಿಮ್ಮಮ್ಮ ಇದನ್ನು ಓದಿ ಹೇಳುವಾಗ ತನ್ನ ವಿಷಯ ಬಂದಲ್ಲಿ ಹಾರಿಸಲು ನೋಡುತ್ತಾಳೆ. ಹಾರಿಸಲು ಬಿಡಬೇಡಿ.

ಅದು ಒಂದೇ ಗೋಡೆಯ ಎರಡು ಮಗ್ಗುಲಿಗೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು. ಕೆಳಗೆ ಬೀದಿಗೆ ಮುಖಮಾಡಿದ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ನಾಲ್ಕು ಬಟ್ಟೆ ಹರವುವಷ್ಟು ಹಿತ್ತಲು. ಮೇಲೆ ನಿಮ್ಮ ಅಪ್ಪ ಅಮ್ಮನ ಕೋಣೆ ಮತ್ತು ನಾನೂ ಇಳಾಳೂ ಮಲಗುತ್ತಿದ್ದ ಸಣ್ಣ ಕೋಣೆ. ಎರಡು ನಿಮಿಷಕ್ಕೊಂದರಂತೆ ವಿಮಾನಗಳು ಗಾಲಿ ಇಳಿಬಿಟ್ಟುಕೊಂಡು ತಲೆಯ ಮೇಲೇ ಹೋಗುತ್ತಿದ್ದವು. ಬಂದ ಮೊದಲ ವಾರ ಹಿತ್ತಲಲ್ಲಿ ನಿಂತಾಗ ನಾನು ತಲೆ ತಗ್ಗಿಸುತ್ತಿದ್ದೆ. ತಿಂಗಳು ಕಳೆಯುವುದರೊಳಗೆ ಆ ಸದ್ದು ಕಿವಿಗೆ ಬೀಳುವುದೇ ನಿಂತಿತು. ನನ್ನ ಮಗಳು, ನಿಮ್ಮಮ್ಮ ಸುಜಾತಾ, ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ರಜೆ ಮುಗಿದ ಮೇಲೆ ಅವಳಿಗೆ ವಾರದಲ್ಲಿ ನಾಲ್ಕೋ ಐದೋ ರಾತ್ರಿ ಡ್ಯೂಟಿ ಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಸ್ನಾನ ಮಾಡಿ, ಅಡುಗೆಮನೆಯ ಕಪಾಟಿನೊಳಗಿದ್ದ ದೇವರಿಗೆ ಕೈಮುಗಿದು, ಒಂದು ಬಿಸಿ ರೊಟ್ಟಿ ತಿಂದು ಹತ್ತಕ್ಕೆ ಮೇಲೆ ಹೋದರೆ ಇಳಿಯುತ್ತಿದ್ದುದು ಸಂಜೆ ನಾಲ್ಕಕ್ಕೆ. ಆ ಆರು ತಾಸು ಮನೆಯಲ್ಲಿ ಸದ್ದಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಸೀಟಿ ಹೊಡೆಯುತ್ತದೆಂದು ಕುಕ್ಕರ್ ಇಡದೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದೆ. ರೊಟ್ಟಿ ಬಡಿಯುವುದು ಅವಳು ಮಲಗುವ ಮೊದಲೇ ಮುಗಿಯಬೇಕು, ಶೇಂಗಾ ಚಟ್ನಿ ಕುಟ್ಟುವುದು ಅವಳು ಎದ್ದ ಮೇಲೆ. ನಿಶಾಂತ ಅಳಲು ಬಾಯಿ ಸೊಟ್ಟ ಮಾಡಿದರೆ ಸಾಕು, ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಮೆಟ್ಟಿಲುಗಳಲ್ಲಿ ಮೂರನೆಯದು ಕಿರ್ರೆನ್ನುತ್ತಿತ್ತು, ಅದನ್ನು ದಾಟಿಯೇ ಕಾಲಿಡುತ್ತಿದ್ದೆ.

ಇನ್ನು ನಿಮ್ಮಪ್ಪ. ಪ್ರಕಾಶ ಅವರು ಮೈಸೂರಿನವರು, ವಿಮಾನ ನಿಲ್ದಾಣದ ಸರಕು ಗೋದಾಮಿನ ಆಫೀಸಿನಲ್ಲಿ ಅವರ ಕೆಲಸ. ನಮ್ಮ ಗದಗ ಸೀಮೆಯ ಹಳ್ಳಿಗಳಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ನನ್ನವ್ವ ನಿಮ್ಮಜ್ಜನ ಜೊತೆ ಸಾಯುವವರೆಗೂ ಒಂದು ಮಾತನ್ನೂ ನೇರವಾಗಿ ಆಡಲಿಲ್ಲ. ಊಟಕ್ಕೆ ಎಲೆ ಹಾಕಿದ್ದರೆ ಬಾಗಿಲ ಮರೆಯಲ್ಲಿ ನಿಂತು ಬಳೆ ಅಲುಗಿಸುತ್ತಿದ್ದಳು. ಮೈಸೂರಿನವರಿಗೆ ಇದೆಲ್ಲ ವಿಚಿತ್ರ. ಮೊದಮೊದಲು ಪ್ರಕಾಶ ಅವರು ನಗುತ್ತ, ನನ್ನ ಜೊತೆ ಮಾತಾಡಿದರೆ ಏನೂ ಆಗುವುದಿಲ್ಲ ಅತ್ತೆ ಎಂದರು. ನಾನು ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗಿದೆ. ಕೊನೆಗೆ ಅವರೂ ಸೋತು ನಡುವೆ ಇಳಾಳನ್ನು ನಿಲ್ಲಿಸಿಕೊಂಡರು. ಒಂದೇ ಅಡುಗೆಮನೆಯಲ್ಲಿ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಹೇಳುವರು:

“ಇಳಾ, ಅಜ್ಜಿಗೆ ಹೇಳು, ನಾಳೆ ನಾನು ಊಟಕ್ಕೆ ಬರಲ್ಲ.”

“ಅಜ್ಜಿ, ಡ್ಯಾಡಿ ನೋ ಊಟ ಟುಮಾರೋ.”

“ಆತು ಅನ್ನವ್ವ.”

“ಡ್ಯಾಡಿ, ಅಜ್ಜಿ ಆತು ಅಂತೆ.”

ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು. ಚಳಿಗಾಲ ಮುಗಿಯುತ್ತ ಬಂದಾಗ ಗೋಡೆಯಾಚೆಯಿಂದ ಒಂದು ದನಿ ಬರತೊಡಗಿತು. ಪಕ್ಕದ ಮನೆಯಲ್ಲಿ ಡೆರೆಕ್ ಎಂಬ ಎಪ್ಪತ್ತು ದಾಟಿದ ಇಂಗ್ಲಿಷರು ಒಬ್ಬರೇ ಇದ್ದರು. ಎತ್ತರದ ಆಳು, ಬಿಳಿ ಕೂದಲು ಭುಜದವರೆಗೆ. ಕಂಡಾಗ ಕೈ ಎತ್ತುತ್ತಿದ್ದರು, ನಾನು ಸರಸರನೆ ಒಳಗೆ ಬಂದುಬಿಡುತ್ತಿದ್ದೆ. ದಿನಾ ಹನ್ನೊಂದಕ್ಕೆ ಅವರು ಹಾಡಲು ಶುರುಮಾಡುವರು. ಹಾಡು ಎಂದು ಈಗ ಬರೆಯುತ್ತಿದ್ದೇನೆ, ಆಗ ಅದಕ್ಕೆ ಆ ಹೆಸರು ಕೊಡುವ ಮನಸ್ಸು ನಮಗ್ಯಾರಿಗೂ ಇರಲಿಲ್ಲ. ನಾಲ್ಕು ಮಾತುಗಳನ್ನು ಒಂದೇ ಮಟ್ಟದಲ್ಲಿ ಎಳೆಯುವುದು, ಏಕಾಏಕಿ ದನಿಯನ್ನು ಅರ್ಧ ಮೆಟ್ಟಿಲು ಕೆಳಗಿಳಿಸುವುದು, ಅಲ್ಲೇ ನಿಂತುಬಿಡುವುದು. ಮತ್ತೆ ಮೊದಲಿನಿಂದ ಅದನ್ನೇ. ಗುನುಗಿಕೊಳ್ಳಲು ಒಂದು ಧಾಟಿಯೂ ಕೈಗೆ ಸಿಗುತ್ತಿರಲಿಲ್ಲ. ನಮ್ಮೂರ ಮಠದಲ್ಲಿ ಸೋಮವಾರದ ಭಜನೆಗೆ ಮೂವತ್ತು ಮಂದಿ ಕೂತರೂ ಹಾಡುವುದು ಒಂದೇ ಧಾಟಿ. ಯಾರದಾದರೂ ದನಿ ಅತ್ತಿತ್ತ ಸರಿದರೆ ತಾಳದವನು ಕಣ್ಣು ಕೆಂಪು ಮಾಡಿ ನೋಡುತ್ತಿದ್ದ. ಹುಡುಗಿಯಾಗಿದ್ದಾಗ ಹಾಗೆ ಒಮ್ಮೆ ಅವನ ಕೆಂಗಣ್ಣಿಗೆ ಬಿದ್ದ ಮೇಲೆ ಬರೀ ತುಟಿ ಆಡಿಸುತ್ತ ಕೂತವಳು ನಾನು. ನನ್ನ ಲೆಕ್ಕದಲ್ಲಿ ಡೆರೆಕ್ ಅವರದು ಶ್ರುತಿ ಬಿಟ್ಟ ದನಿ. ಹಾಡಲು ಬಾರದವರಿಗೇ ಹಾಡುವ ಹುಚ್ಚು ಜಾಸ್ತಿ ಎಂದು ಪ್ರಕಾಶ ಅವರು ನಗುತ್ತಿದ್ದರು.

ನಗು ಬಹಳ ದಿನ ಉಳಿಯಲಿಲ್ಲ. ವಿಮಾನದ ಸದ್ದು ಬರುತ್ತದೆ, ಹೋಗುತ್ತದೆ. ಇದು ಹಾಗಲ್ಲ. ನಿಲ್ಲುತ್ತದೆ, ಇನ್ನೇನು ಮುಗಿಯಿತು ಎಂದು ಕಣ್ಣು ಮುಚ್ಚಿದಾಗ ಮತ್ತೆ ಶುರುವಾಗುತ್ತದೆ. ಸುಜಾತಾಳ ಮಂಚದ ತಲೆಬದಿಯೇ ಆ ಗೋಡೆ. ಅವಳ ಕಣ್ಣ ಕೆಳಗೆ ಕಪ್ಪು ಇಳಿಯಿತು, ಮಾತು ಕಡಿಮೆಯಾಯಿತು, ಉಪ್ಪಿನ ಡಬ್ಬಿ ತೆಗೆದುಕೊಂಡು ಹೋಗಿ ಫ್ರಿಜ್ಜಿನಲ್ಲಿಡುವಳು. ಒಂದು ಬೆಳಿಗ್ಗೆ ಡ್ಯೂಟಿಯಿಂದ ಬಂದವಳು ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. ಬೆಳಗಿನ ಜಾವ ಒಬ್ಬ ರೋಗಿಗೆ ಕೊಡಬೇಕಾದ ಔಷಧಿಯನ್ನು ಸಿರಿಂಜಿಗೆ ತುಂಬಿಕೊಂಡು ಬೇರೊಬ್ಬರ ಹಾಸಿಗೆಯ ಬಳಿ ಹೋಗಿ ನಿಂತಿದ್ದಳಂತೆ. ಜೊತೆಗಿದ್ದ ಹಿರಿಯ ನರ್ಸ್ ನೋಡಿ ಕೈ ಹಿಡಿದಳು. ಯಾರಿಗೂ ಏನೂ ಆಗಲಿಲ್ಲ.

“ಆಕಿ ಕೈ ಹಿಡೀದಿದ್ರ ನಾ ಕೊಟ್ಟ ಬಿಡ್ತಿದ್ದೆ ಅವ್ವಾ. ಇನ್ನೊಮ್ಮೆ ಹಿಂಗಾದ್ರ ಯಾರ್ ಹಿಡೀತಾರ?”

ನಾನು ಅವಳ ಕಾಲ ಬಳಿ ಕೂತೆ. ಬೂಟು ಬಿಚ್ಚಿ ಕೊಟ್ಟೆ, ಅಷ್ಟೇ. ಪ್ರಕಾಶ ಅವರು ಅಂದೇ, ನಮ್ಮ ಕಡೆಯ ನಗರಸಭೆಯಂಥ ಇಲ್ಲಿನ ಕೌನ್ಸಿಲ್‌ಗೆ ಫೋನ್ ಮಾಡಿ ದೂರು ಕೊಟ್ಟರು. ಅಲ್ಲಿಂದ ಹಾಳೆಗಳು ಬಂದವು. ಎರಡು ವಾರ ದಿನಾ ತುಂಬಬೇಕು: ಸದ್ದು ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ನಿಂತಿತು, ಎಂಥ ಸದ್ದು, ಅದರಿಂದ ಮನೆಯವರಿಗೆ ಏನಾಯಿತು. ಅದನ್ನು ಓದಿ ಅವರು ಮುಂದಿನ ಕ್ರಮ ತೆಗೆದುಕೊಳ್ಳುತ್ತಾರೆ, ಅಧಿಕಾರಿಯೊಬ್ಬರು ಬಂದು ಡೆರೆಕ್ ಅವರ ಬಾಯಿ ಮುಚ್ಚಿಸುತ್ತಾರೆ. ನಾವೇ ಹೋಗಿ ಒಂದು ಮಾತು ಹೇಳಬಾರದೇ ಎಂದು ಸುಜಾತಾಳ ಮೂಲಕ ಕೇಳಿಸಿದೆ. ಇಲ್ಲಿ ಹಾಗೆ ಬಾಗಿಲು ತಟ್ಟಿದರೆ ಜಗಳಕ್ಕೆ ಬಂದರು ಅನ್ನುತ್ತಾರೆ, ಪೇಪರಿನಲ್ಲಿ ಆಗುವ ಕೆಲಸ ಪೇಪರಿನಲ್ಲೇ ಆಗಬೇಕು ಎಂದು ಉತ್ತರ ಬಂತು. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಎಚ್ಚರವಿದ್ದು ಬರೆದುಕೊಳ್ಳುವವರು ಯಾರು?

“ಇಳಾ, ಅಜ್ಜಿಗೆ ಹೇಳು. ಕನ್ನಡದಲ್ಲೇ ಬರೀಲಿ, ನಾನು ಇಂಗ್ಲಿಷ್ ಮಾಡ್ಕೋತೀನಿ. ಏನೂ ಬಿಡೋ ಹಾಗಿಲ್ಲ, ಎಲ್ಲಾ ಬರೀಬೇಕು.”

ಅಳಿಯನ ಮನೆಯಲ್ಲಿ ನನಗೆ ಸಿಕ್ಕ ಮೊದಲ ಬರವಣಿಗೆಯ ಕೆಲಸ. ಹೆದರಿಕೆಯೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಅಡುಗೆಮನೆಯ ಡ್ರಾಯರಿನಲ್ಲಿ ಹಾಳೆ ಮತ್ತು ಪೆನ್ನು ಇಟ್ಟುಕೊಂಡೆ. ಸೋಮವಾರ: ಹನ್ನೊಂದೂ ಐದರಿಂದ ಹನ್ನೆರಡೂ ನಲವತ್ತು. ಗಂಡಸಿನ ದನಿ. ಒಂದೇ ಸಾಲು ಇಪ್ಪತ್ತು ಸಲ. ಸುಜಾತಾ ಎರಡು ಸಲ ಎದ್ದಳು. ಹೀಗೆ ಗುಂಡು ಅಕ್ಷರದಲ್ಲಿ ಬರೆದೆ. ಬರೆಯಬೇಕೆಂದರೆ ಕೇಳಬೇಕು, ಕಿವಿಗೊಟ್ಟು ಕೇಳಬೇಕು. ತೊಂದರೆ ಶುರುವಾದದ್ದು ಅಲ್ಲಿ. ಮೂರನೆಯ ದಿನಕ್ಕೆ ನನಗೆ ಅನುಮಾನ ಬಂತು. ಇಪ್ಪತ್ತು ಸಲ ಹಾಡಿದರೂ ಆ ಸಾಲು ಇಪ್ಪತ್ತು ಸಲವೂ ಅದೇ ಸಾಲು. ಇಳಿಯುವ ಜಾಗ ಅದೇ, ಇಳಿಯುವಷ್ಟೇ ಇಳಿಯುತ್ತಿತ್ತು, ನಿಲ್ಲುವಷ್ಟೇ ನಿಲ್ಲುತ್ತಿತ್ತು. ಹಾಡಲು ಬಾರದವನು ಒಂದೊಂದು ಸಲ ಒಂದೊಂದು ಥರ ತಪ್ಪುತ್ತಾನೆ. ಒಂದೇ ತಪ್ಪನ್ನು ಕೂದಲೆಳೆ ಬದಲಿಸದೆ ಇಪ್ಪತ್ತು ಸಲ ಮಾಡಲು ಯಾರಿಂದ ಆಗುತ್ತದೆ? ನಡುವೆ ಎಲ್ಲೋ ಎಡವಿದರೆ ಅವರು ತಮ್ಮನ್ನೇ ಬೈದುಕೊಂಡು ಮೊದಲಿನಿಂದ ಹೊರಡುತ್ತಿದ್ದರು. ಊರ ಶಾಲೆಯಲ್ಲಿ ನಾವು ಮಗ್ಗಿ ಕಲಿತದ್ದು ಹಾಗೆ. ಈ ಮನುಷ್ಯ ಏನನ್ನೋ ಬಾಯಿಪಾಠ ಮಾಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಶುಕ್ರವಾರ ಆಲೂಗಡ್ಡೆ ಸುಲಿಯುತ್ತ ಕೂತಾಗ ಆ ಸಾಲು ನನ್ನ ಬಾಯಿಯಲ್ಲೇ ಬಂತು. ಕದ್ದು ಸಿಕ್ಕಿಬಿದ್ದವಳಂತೆ ತಟ್ಟನೆ ನಿಲ್ಲಿಸಿದೆ.

ಶನಿವಾರ ನಿಮ್ಮಪ್ಪ ಅಮ್ಮ ಜೋಳದ ಹಿಟ್ಟು, ಕರಿಬೇವು ತರಲು ಟೂಟಿಂಗ್‌ಗೆ ಹೋಗಿದ್ದರು. ಅಲ್ಲಿಗೆ ಹೋದರೆ ದೋಸೆ ತಿನ್ನದೆ ಬರುವವರಲ್ಲ. ನಿಶಾಂತ ಮಲಗಿದ್ದ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ, ಇಳಾ ಕ್ಲಿಪ್ಪು ಎತ್ತಿ ಕೊಡುತ್ತಿದ್ದಳು. ಪಕ್ಕದ ಮನೆಗೆ ಮೂವರು ಗಂಡಸರು ಬಂದರು, ಎಲ್ಲರೂ ಡೆರೆಕ್ ಅವರ ವಾರಿಗೆಯವರೇ, ಒಬ್ಬರು ಕೋಲು ಊರುತ್ತಿದ್ದರು. ಸ್ವಲ್ಪ ಹೊತ್ತು ಕಪ್ಪು ಬಸಿಯ ಸದ್ದು, ನಗು. ಆಮೇಲೆ ನಾಲ್ವರೂ ಒಟ್ಟಿಗೆ ದನಿ ತೆಗೆದರು. ಮೊದಲ ಕ್ಷಣ ನನಗೆ ಭಯವಾಯಿತು. ನಾಲ್ಕು ಜನ ನಾಲ್ಕು ಮಾತು ಒಮ್ಮೆಲೇ ಆಡಿದರೆ ನಮ್ಮ ಕಡೆ ಅದು ಜಗಳ. ಎರಡನೆಯ ಸಾಲಿಗೆ ಬರುವಾಗ ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ನಾಲ್ವರದೂ ನಾಲ್ಕು ದಾರಿ, ಆದರೆ ಹೆಜ್ಜೆ ಒಂದೇ. ಅದರೊಳಗೆ ಡೆರೆಕ್ ಅವರ ಆ ಸಾಲು, ತಲೆಬಾಲ ಇಲ್ಲದ ಆ ಸಾಲು, ಬಾಯಿಪಾಠವಾಗಿದ್ದರಿಂದ ನನಗೆ ಬೇರೆಯಾಗಿಯೇ ಕೇಳಿಸಿತು. ಅವರು ಒಂದೇ ಮಟ್ಟದಲ್ಲಿ ನಿಂತಲ್ಲಿ ಉಳಿದ ಮೂವರು ಅವರ ಸುತ್ತ ಸುಳಿದಾಡುತ್ತಿದ್ದರು. ಅವರು ಅರ್ಧ ಮೆಟ್ಟಿಲು ಇಳಿದಾಗ ಇಡೀ ಹಾಡಿನ ಬಣ್ಣವೇ ಬದಲಾಗುತ್ತಿತ್ತು. ನಾವು ಕೌದಿ ಹೊಲಿಯುವಾಗ ಮೇಲಕ್ಕೆ ಚೆಂದದ ಅರಿವೆ ಹಾಕುತ್ತೇವೆ, ಒಳಗೆ ಹಳೆಯ ಸೀರೆಯ ಪದರ. ಅದೊಂದನ್ನೇ ಬಿಚ್ಚಿ ಹಿಡಿದರೆ ಹರಕು ಚಿಂದಿ. ಬೆಚ್ಚಗಿಡುವುದು ಮಾತ್ರ ಅದೇ. ಇಷ್ಟು ವಾರ ಗೋಡೆಗೆ ಕಿವಿ ಕೊಟ್ಟು ನಾವು ಆಡಿಕೊಂಡದ್ದು ಆ ಒಳಪದರವನ್ನು.

ಹಾಡು ಮುಗಿದ ಮೇಲೆ ಡೆರೆಕ್ ಅವರು ಬೇಲಿಯ ಹತ್ತಿರ ಬಂದರು. ಒಳಗೆ ಓಡಿಹೋಗಲು ನನಗೆ ಕಾಲೇ ಬರಲಿಲ್ಲ. ಅವರು ಹೇಳಿದ್ದನ್ನು ಇಳಾ ತನಗೆ ತಿಳಿದಷ್ಟು ಹೇಳಿದಳು, ಉಳಿದದ್ದು ನನಗೆ ಆಮೇಲೆ ಸುಜಾತಾಳಿಂದ ತಿಳಿಯಿತು. ಅವರದು ಗಿಟಾರು, ಡ್ರಮ್ಮು ಎಲ್ಲ ಇರುವ ಒಂದು ರಾಕ್ ಬ್ಯಾಂಡು. ಹುಡುಗರಾಗಿದ್ದಾಗ ಕಟ್ಟಿದ್ದು, ಐವತ್ತು ವರ್ಷ ದಾಟಿದರೂ ನಿಂತಿಲ್ಲ. ಜನ ಅವರನ್ನು ನೆನಪಿಟ್ಟಿರುವುದು ಹೀಗೆ ದನಿಗೆ ದನಿ ಕೂಡಿಸಿ ಹಾಡುವುದಕ್ಕೆ. ಅವರಲ್ಲಿ ನಾರ್ಮನ್ ಎಂಬವರು ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ನಾರ್ಮನ್ ಹಾಡುತ್ತಿದ್ದ ನಡುವಿನ ದನಿ ಈಗ ಡೆರೆಕ್ ಅವರ ಪಾಲಿಗೆ ಬಂದಿತ್ತು. ಐವತ್ತು ವರ್ಷ ತನ್ನದೇ ದನಿ ಹಾಡಿದ ನಾಲಿಗೆ ಬೇಡವೆಂದರೂ ಹಳೆಯ ದಾರಿಗೇ ಓಡುತ್ತದೆ. ಅದನ್ನು ಮರೆಯಬೇಕು, ಸತ್ತ ಗೆಳೆಯನದನ್ನು ಕಲಿಯಬೇಕು. ಹಾಡಿನ ಕಚೇರಿಗೆ ಇನ್ನು ಮೂರೇ ವಾರ.

“ಅಜ್ಜಿ, ಅವರ ಫ್ರೆಂಡ್ ಡೈಡ್. ಈಗ ಫ್ರೆಂಡ್‌ದು ಹೋಮ್‌ವರ್ಕ್ ಇವರು ಮಾಡ್ಬೇಕು.”

ನಾನು ಕೈ ಮುಗಿದೆ. ಡೆರೆಕ್ ಅವರು ತಡೆದು ತಡೆದು ಇನ್ನೇನೋ ಕೇಳಿದರು. ಇಳಾ ನನ್ನ ಸೀರೆ ಜಗ್ಗಿದಳು. ತಮ್ಮ ಹಾಡಿನಿಂದ ನಮಗೆ ಪ್ರಾಬ್ಲಂ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ ಎಂದಳು. ಸಾವಾದ ಮನೆಯವರಂತಿದ್ದ ಮನುಷ್ಯ, ನನಗಿಂತ ಹಿರಿಯರು, ತಾವಾಗಿಯೇ ಬಂದು ಕೇಳುತ್ತಿದ್ದಾರೆ. ನಮ್ಮಲ್ಲಿ ನೆರೆಯವರು ಹೀಗೆ ಕೇಳಿದರೆ ಹೇಳುವ ಮಾತು ಒಂದೇ, ಅದು ಬಾಯಿಗೆ ತಾನಾಗಿ ಬರುತ್ತದೆ.

“ಛೇ ಛೇ, ಏನೂ ತ್ರಾಸಿಲ್ಲಂತ ಹೇಳವ್ವ.”

ಸಾಲದ್ದಕ್ಕೆ ಎರಡೂ ಕೈ ಬೀಸಿ ತೋರಿಸಿದೆ. ಡೆರೆಕ್ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಬಾಗಿದರು. ಐದು ದಿನ ಅವರ ಮೇಲೆ ಬರೆದ ಹಾಳೆ ನನ್ನ ಬೆನ್ನ ಹಿಂದೆ ಅಡುಗೆಮನೆಯ ಡ್ರಾಯರಿನಲ್ಲಿತ್ತು.

ಸೋಮವಾರ ಅವರು ಅರ್ಧ ಗಂಟೆ ಮೊದಲೇ ಶುರುಮಾಡಿದರು. ಯಾರಿಗೂ ತೊಂದರೆಯಿಲ್ಲ ಎಂದು ನಾನೇ ಹೇಳಿದ್ದೆನಲ್ಲ, ಕಿಟಕಿಯನ್ನೂ ತೆರೆದು ನಿಶ್ಚಿಂತೆಯಿಂದ ಎರಡೂವರೆ ತಾಸು ಹಾಡಿದರು. ಮೇಲೆ ಸುಜಾತಾ ಹೊರಳಾಡುವುದು, ಎದ್ದು ನೀರು ಕುಡಿಯುವುದು, ಮತ್ತೆ ಮಲಗುವುದು ನನಗೆ ಕೆಳಗೆ ಕೇಳಿಸುತ್ತಿತ್ತು. ಆ ವೇಳೆಯನ್ನೂ ಹಾಳೆಯಲ್ಲಿ ಬರೆದೆ. ನಾಳೆ ಅಧಿಕಾರಿ ಬಂದು ಕೇಳಿದರೆ, ಅಜ್ಜಿ ತೊಂದರೆಯಿಲ್ಲ ಎಂದಿದ್ದರು ಎಂದು ಡೆರೆಕ್ ಅವರು ಹೇಳುತ್ತಾರೆ. ಆಗ ಸುಳ್ಳು ದೂರು ಕೊಟ್ಟವರು ಎಂದು ತಲೆ ತಗ್ಗಿಸಬೇಕಾದವರು ಪ್ರಕಾಶ ಅವರು, ನಾನು ಉಣ್ಣುತ್ತಿರುವ ಮನೆಯ ಯಜಮಾನರು. ಹಾಳೆ ಹೋಗದಿದ್ದರೆ ಮಗಳಿಗೆ ನಿದ್ದೆಯಿಲ್ಲ. ಹಾಳೆ ಹೋದರೆ ಸತ್ತ ಗೆಳೆಯನ ಪಾಠ ಕಲಿಯುತ್ತಿರುವ ಮನುಷ್ಯನಿಗೆ ನಾನು ಎದುರಿಗೊಂದು ಹಿಂದೊಂದು ಮಾಡಿದ ಹಾಗೆ. ಆ ಸಂಜೆ ಸುಜಾತಾ ಕೆಂಪು ಕಣ್ಣಲ್ಲೇ ಡ್ಯೂಟಿಗೆ ಹೋದಳು. ಮರುದಿನ ಒಂಬತ್ತಕ್ಕೆ ಬಾಗಿಲಲ್ಲಿ ಅವಳ ಮುಖ ನೋಡುವವರೆಗೂ ನನ್ನ ಜೀವ ಕೈಯಲ್ಲಿತ್ತು. ಏನೂ ಆಗಿಲ್ಲ ಎಂದಳು. ಬೂಟು ಬಿಚ್ಚುತ್ತ, ಇನ್ನೂ ಏನೂ ಆಗಿಲ್ಲ ಎಂದಳು.

ಅಂದು ಹತ್ತೂವರೆಗೆ ಗೋಡೆಯಾಚೆ ದನಿ ಎದ್ದಾಗ ನಾನು ನಿಶಾಂತನನ್ನು ಕಂಕುಳಿಗೆ ಏರಿಸಿಕೊಂಡು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಬಾಗಿಲು ಎಳೆದುಕೊಂಡು ಹೊರಬಿದ್ದೆ. ಇಳಾ ಶಾಲೆಯಲ್ಲಿದ್ದಳು. ಬಾಗಿಲಿಂದ ಬಾಗಿಲಿಗೆ ಹತ್ತು ಹೆಜ್ಜೆ ಇರಬಹುದು. ಅವರು ಬಾಗಿಲು ತೆರೆದಾಗ ನನ್ನ ತಲೆ ಖಾಲಿ. ಬಾಯಲ್ಲಿ ಒಂದು ಇಂಗ್ಲಿಷ್ ಮಾತೂ ಇಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ಬೇಕಾದ ಮಾತೆಲ್ಲ ಇದ್ದವು. ನರ್ಸು, ನೈಟು, ಡ್ಯೂಟಿ, ಇವನ್ನೆಲ್ಲ ನಾನು ಕನ್ನಡವೆಂದೇ ಆಡಿಕೊಂಡು ಬಂದಿದ್ದೆ.

“ಡಾಟರ್ ನರ್ಸ್. ನೈಟ್ ಡ್ಯೂಟಿ. ಡೇ ಸ್ಲೀಪ್,” ಎಂದು ಕೆನ್ನೆಗೆ ಅಂಗೈ ಹಚ್ಚಿ, ಗೋಡೆ ತೋರಿಸಿದೆ. “ಐ ಸೇ ನೋ ಪ್ರಾಬ್ಲಂ. ನಾಟ್ ಕರೆಕ್ಟ್. ಪ್ರಾಬ್ಲಂ.”

ಅವರು ಗೋಡೆಯನ್ನೇ ನೋಡುತ್ತ ನಿಂತರು. ಆ ಬಿಳಿಯ ಮುಖ ಕಿವಿಯವರೆಗೂ ಕೆಂಪಾಯಿತು. ಸಾರಿ ಸಾರಿ ಎಂದು ಎಷ್ಟು ಸಲ ಅಂದರೋ. ಮೇಲೆ ಹೋಗುತ್ತಿದ್ದ ವಿಮಾನ ತೋರಿಸಿ, ಇಷ್ಟು ಸದ್ದಿನಲ್ಲಿ ತನ್ನ ದನಿ ಯಾರಿಗೂ ಕೇಳಿಸದು ಎಂದುಕೊಂಡಿದ್ದೆ ಎನ್ನುವಂತೆ ಕೈ ಆಡಿಸಿದರು. ನಾನು ಬೆರಳಲ್ಲಿ ಹತ್ತು ತೋರಿಸಿದೆ, ನಾಲ್ಕು ತೋರಿಸಿದೆ. ಅವರು ತಲೆಯಾಡಿಸಿದರು. ಇಷ್ಟು ವಾರದಲ್ಲಿ ಆ ಗೋಡೆಯ ಈಚೆ ಒಂದು ಜೀವ ಹಗಲು ಮಲಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ವಾಪಸು ಬಂದೆ. ಅಂದು ಸುಜಾತಾ ನಾಲ್ಕೂವರೆಗೆ ತಾನಾಗಿ ಎದ್ದಳು, ಕೆಳಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಗಂಡಾಂತರ ಕಳೆಯಿತು ಎಂದುಕೊಂಡೆ. ಮನೆಯವರಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಬುಧವಾರ ಹನ್ನೊಂದಕ್ಕೆ ಗೋಡೆಯಾಚೆ ಮೌನ. ಬೀದಿಕಡೆಯ ಕೋಣೆಯ ಪರದೆ ಸರಿಸಿದಾಗ ಡೆರೆಕ್ ಅವರ ಕಾರು ಎಂದಿನಂತೆ ಅವರ ಮನೆಯ ಮುಂದೆ ನಿಂತಿತ್ತು. ಅವರು ಅದರೊಳಗಿದ್ದರು. ಕೋಟು, ಮಫ್ಲರು, ಕೈಯಲ್ಲಿ ಕಾಗದ. ಗಾಜು ಪೂರ್ತಿ ಏರಿಸಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದು ಎಳೆ ಸದ್ದೂ ಹೊರಗೆ ಬರುತ್ತಿರಲಿಲ್ಲ. ಸಂಜೆಯೆಲ್ಲ ಗೆಳೆಯರ ಜೊತೆ ವಾದ್ಯಗಳಿಟ್ಟುಕೊಂಡು ತಾಲೀಮು, ಒಬ್ಬರೇ ಕಲಿಯಲು ಅವರಿಗಿದ್ದುದು ಬೆಳಗಿನ ಹೊತ್ತು ಮಾತ್ರ ಎಂದು ಆಮೇಲೆ ತಿಳಿಯಿತು. ಇಂಥ ಚಳಿಯಲ್ಲಿ ಎಪ್ಪತ್ತು ದಾಟಿದವರನ್ನು ಮನೆಯಿಂದ ಹೊರಗೆ ಹಾಕಿದವಳು ನಾನು. ಹಾಳೆ ಇನ್ನೂ ಮುಗಿದಿರಲಿಲ್ಲ, ಏನೂ ಬಿಡಬಾರದೆಂದು ಅಪ್ಪಣೆಯಾಗಿತ್ತು. ಕಂಡದ್ದನ್ನು ಬರೆದೆ. ಬುಧವಾರ: ಹನ್ನೊಂದರಿಂದ ಹನ್ನೆರಡೂವರೆ. ಕಾರಿನಲ್ಲಿ ಕೂತು ಹಾಡಿದರು. ಕೇಳಿಸಲಿಲ್ಲ. ಸುಜಾತಾ ಮಲಗಿದ್ದಳು. ಗುರುವಾರ: ಮಳೆ. ಕಾರಿನ ಗಾಜು ಮಂಜಾಗಿ ಮುಖ ಕಾಣಲಿಲ್ಲ. ಸುಜಾತಾ ಮಲಗಿದ್ದಳು. ಶುಕ್ರವಾರ: ಕಾರಿನಲ್ಲಿ. ನಡುನಡುವೆ ಕೆಮ್ಮಿದರು. ಸುಜಾತಾಗೆ ರಾತ್ರಿ ಡ್ಯೂಟಿ ಇದೆ, ಚೆನ್ನಾಗಿ ಮಲಗಿದ್ದಾಳೆ.

ಶನಿವಾರ ಬೆಳಿಗ್ಗೆ ಪ್ರಕಾಶ ಅವರು ಅಡುಗೆಮನೆಯ ಮೇಜಿನ ಮುಂದೆ ಹಾಳೆಗಳನ್ನು ಹರಡಿಕೊಂಡು ಇಂಗ್ಲಿಷಿಗೆ ಮಾಡಲು ಕೂತರು. ಸೋಮವಾರ ಕಳಿಸಬೇಕು. ಸುಜಾತಾ ಡ್ಯೂಟಿಯಿಂದ ಬಂದು ಮೇಲೆ ಮಲಗಿದ್ದಳು. ನಾನು ಹಿಟ್ಟು ನಾದುತ್ತಿದ್ದೆ. ಅವರ ಪೆನ್ನು ಓಡುವುದು ಕೇಳಿಸುತ್ತಿತ್ತು, ಎರಡನೆಯ ವಾರದ ಹಾಳೆಗೆ ಬಂದಾಗ ನಿಂತಿತು.

“ಇಳಾ, ಅಜ್ಜಿನ ಕೇಳು, ಇದ್ಯಾವುದು ಕಾರು ಅಂತ.”

ಇಳಾ ನನ್ನ ಕಡೆ ತಿರುಗುವ ಮೊದಲೇ ನಾನು ತಿರುಗಿದ್ದೆ. ಎರಡೂ ಕೈಗೆ ಹಿಟ್ಟು ಮೆತ್ತಿತ್ತು, ಸೆರಗು ಎಳೆದುಕೊಳ್ಳುವ ಹಾಗಿರಲಿಲ್ಲ.

“ನಾನ ಹೋಗಿ ಹೇಳಿ ಬಂದೀನ್ರಿ, ಮಗಳು ಹಗಲಿ ಮಲಗ್ತಾಳಂತ. ಅದಕ್ಕೂ ಮೊದ್ಲ ಅವ್ರು ಬಂದು ಕೇಳಿದಾಗ ತ್ರಾಸಿಲ್ಲ ಅಂತ ಸುಳ್ಳು ಹೇಳಿದಾಕಿನೂ ನಾನರಿ.”

ಅವರು ಮೊದಲು ಬೆಚ್ಚಿದ್ದು ಮಾತಿಗಲ್ಲ, ನಾನು ಮಾತಾಡಿದ್ದಕ್ಕೆ. ಆಮೇಲೆ ಮಾತು ತಲೆಗಿಳಿಯಿತು. ಪೆನ್ನು ಕೆಳಗಿಟ್ಟರು.

“ಅತ್ತೆ, ನಾನು ಎರಡು ವಾರದಿಂದ ಆಫೀಸಲ್ಲಿ ಕೂತು ಕೌನ್ಸಿಲ್‌ಗೆ ಫೋನ್ ಮಾಡ್ತಿದೀನಿ. ನೀವು ಅವರಿಗೆ ಏನೂ ತೊಂದರೆ ಇಲ್ಲ ಅಂದ್ರಾ? ಅವತ್ತು ಸುಜಾತಾಳ ಕೈ ಯಾರೂ ಹಿಡೀದೇ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದೀರಾ?”

“ದಿನಾ ಮಾಡೀನ್ರಿ. ನಿಮ್ಮ ಮಾತು ಖರೆ ಐತಿ, ತಪ್ಪು ನಂದು. ಆದ್ರ ಈ ಹಾಳಿ ಕಳಸಬ್ಯಾಡ್ರಿ. ಅವ್ರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನಾನ ಎದ್ದು ಹೊರಗ ಹೋಗ್ಯಾರ.”

ಕಳಿಸದೇ ಇದ್ದರೆ ನಾಳೆ ಮತ್ತೆ ಶುರುವಾದಾಗ ಏನು ಮಾಡುವುದು ಎಂದು ಅವರು ಕೇಳಿದರು. ಮತ್ತೆ ಹೋಗಿ ಹೇಳುತ್ತೇನೆ ಎಂದೆ. ಅವರ ದನಿ ಏರಿತ್ತು, ನನ್ನದೂ ಏರಿತ್ತೆಂದು ಕಾಣುತ್ತದೆ. ಮೂರನೆಯ ಮೆಟ್ಟಿಲು ಕಿರ್ರೆಂದಾಗ ಇಬ್ಬರೂ ಆ ಕಡೆ ತಿರುಗಿದೆವು. ಸುಜಾತಾ ಬಾಗಿಲಲ್ಲಿ ನಿಂತಿದ್ದಳು. ಅಂದು ಅವಳ ನಿದ್ದೆ ಕೆಡಿಸಿದವರು ನಾವೇ.

“ಅವ್ವಾ, ನೀ ಇವ್ರ ಕೂಡ ಮಾತಾಡಾಕತ್ತೀ?”

ಇಳಾ ನನಗಿಂತ ಮೊದಲು ದೂರು ಹೇಳಿದಳು, ಇಬ್ಬರೂ ತನ್ನನ್ನು ಬಿಟ್ಟು ತಾವೇ ಮಾತಾಡಿಕೊಳ್ಳುತ್ತಿದ್ದಾರೆ ಎಂದು. ಸುಜಾತಾ ಹಾಳೆಗಳನ್ನು ಕೈಗೆತ್ತಿಕೊಂಡು ನಿಂತಲ್ಲೇ ಓದಿದಳು. ಕಾರಿನ ಮೂರು ದಿನಗಳನ್ನು ಎರಡೆರಡು ಸಲ ಓದಿದಳು. ಬೀದಿಕಡೆಯ ಕೋಣೆಗೆ ಹೋಗಿ ಪರದೆ ಸರಿಸಿದಳು. ಡೆರೆಕ್ ಅವರು ಕಾರಿನಲ್ಲಿದ್ದರು. ಅವಳು ಅಡುಗೆಮನೆಗೆ ವಾಪಸು ಬಂದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತನ್ನ ತಿಂಗಳ ಡ್ಯೂಟಿ ಪಟ್ಟಿಯನ್ನು ಕಿತ್ತುಕೊಂಡು, ಮಲಗುವ ಅಂಗಿಯ ಮೇಲೆ ಕೋಟು ಏರಿಸಿ, ಚಪ್ಪಲಿಯಲ್ಲೇ ಹೊರಗೆ ಹೋದಳು. ಕಾರಿನ ಗಾಜು ತಟ್ಟಿದಳು. ಅವರು ಗಡಬಡಿಸಿ ಬಾಗಿಲು ತೆರೆದರು, ಅವಳು ಒಳಗೆ ಅವರ ಪಕ್ಕ ಕೂತು ಬಾಗಿಲು ಹಾಕಿಕೊಂಡಳು. ಪ್ರಕಾಶ ಅವರೂ ನಾನೂ ಒಂದೇ ಕಿಟಕಿಯಲ್ಲಿ ಅಕ್ಕಪಕ್ಕ ನಿಂತು ನೋಡುತ್ತಿದ್ದೆವು.

“ಏನ್ ಹೇಳ್ತಿದಾಳೆ ಅತ್ತೆ?”

“ಪಟ್ಟಿ ಮ್ಯಾಲ ಬೆರಳ ಇಟ್ಟು ಒಂದೊಂದ ದಿನ ತೋರಸಾಕತ್ತಾಳ್ರಿ.”

ತಾನು ರಾತ್ರಿ ಡ್ಯೂಟಿ ಮುಗಿಸಿ ಬಂದ ಹಗಲುಗಳಲ್ಲಿ ಮಾತ್ರ ಅವರು ಸುಮ್ಮನಿದ್ದರೆ ಸಾಕು, ಉಳಿದ ದಿನ ಮನೆಯೊಳಗೆ ಬೆಚ್ಚಗೆ ಕೂತು ಎಷ್ಟಾದರೂ ಹಾಡಿಕೊಳ್ಳಲಿ ಎಂದಳಂತೆ ಸುಜಾತಾ. ಸುಮ್ಮನಿರಬೇಕಾದ ದಿನಗಳಲ್ಲಿ ಕೋಲು ಊರುವ ಆ ಗೆಳೆಯರ ಮನೆಗೆ ಹೋಗುತ್ತೇನೆ ಎಂದು ಅವರೇ ಹೇಳಿದರಂತೆ. ಪಟ್ಟಿಯನ್ನು ಇಬ್ಬರೂ ಸೇರಿ ಗುರುತು ಮಾಡಿಕೊಂಡರು. ಪ್ರಕಾಶ ಅವರು ಸದ್ದಿನ ಹಾಳೆಗಳನ್ನು ಹರಿಯಲಿಲ್ಲ, ಕಾಗದ ಹರಿಯುವ ಜಾಯಮಾನ ಅವರದಲ್ಲ. ಫೈಲಿನಲ್ಲಿ ಸೇರಿಸಿಟ್ಟು, ಸೋಮವಾರ ಫೋನ್ ಮಾಡಿ ದೂರು ಬೇಡವೆಂದರು. ನನ್ನ ಮೇಲಿನ ಸಿಟ್ಟು ಇಳಿಯಲು ಇನ್ನೂ ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ಅವರು ಸಿಟ್ಟನ್ನು ನನಗೆ ನೇರವಾಗಿಯೇ ಹೇಳಿದರು, ನಾನೂ ನೇರವಾಗಿಯೇ ಕೇಳಿಸಿಕೊಂಡೆ.

ಡೆರೆಕ್ ಅವರ ಹಾಡಿನ ಕಚೇರಿಗೆ ನಾವ್ಯಾರೂ ಹೋಗಲಿಲ್ಲ, ಅಂದು ಸುಜಾತಾಗೆ ಡ್ಯೂಟಿ ಇತ್ತು. ಅದಾಗಿ ಎರಡು ಮೂರು ದಿನಕ್ಕೆ ನಾನು ಹಿತ್ತಲಲ್ಲಿದ್ದಾಗ ಡೆರೆಕ್ ಅವರು ಬೇಲಿಯ ಹತ್ತಿರ ಬಂದರು. ನಾನು ಒಳಗೆ ಹೋಗಲಿಲ್ಲ. ಹೇಗಾಯಿತು ಎಂದು ಹುಬ್ಬೆತ್ತಿದೆ. ಅವರು ಎರಡು ಬೆರಳ ನಡುವೆ ಒಂದಿಷ್ಟು ಜಾಗ ಮಾಡಿ ತೋರಿಸಿದರು, ಒಂದೇ ಒಂದು ಕಡೆ ತಪ್ಪಿದೆ ಎಂದು. ಎಲ್ಲಿ ತಪ್ಪಿದ್ದೆಂದು ಹೇಳಲು ನಮ್ಮಿಬ್ಬರಲ್ಲಿ ಮಾತಿರಲಿಲ್ಲ, ಅದಕ್ಕೆ ಅವರು ಹಾಡಿಯೇ ತೋರಿಸಿದರು. ಅಂದು ಪಟ್ಟಿಯಲ್ಲಿ ಗುರುತು ಮಾಡಿದ ದಿನ, ಮೇಲೆ ಸುಜಾತಾ ಮಲಗಿದ್ದಳು. ಅವರು ಬೇಲಿಯ ಮೇಲೆ ಬಾಗಿ, ಉಸಿರಿಗಿಂತ ತುಸು ಮೇಲಿನ ದನಿಯಲ್ಲಿ ಹಾಡಿದರು. ನಾಲ್ಕು ಮಾತು ಒಂದೇ ಮಟ್ಟದಲ್ಲಿ ಬಂದವು, ಇಳಿಯಬೇಕಾದಲ್ಲಿ ದನಿ ಮೇಲಕ್ಕೆ ಜಾರಿತು. ಅವರು ತಲೆಯೆತ್ತುವ ಮೊದಲೇ ನಾನು, ತಪ್ಪಿದ್ದು ಇಲ್ಲೇ ಎಂದು ಬೆರಳೆತ್ತಿದ್ದೆ. ಅವರು ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡಿದರು. ಸಭೆಯಲ್ಲಿ ಕೂತ ಅಷ್ಟು ಜನಕ್ಕೆ ಗೊತ್ತಾಗದ್ದು ನನಗೆ ಗೊತ್ತಾಗಿತ್ತು. ಅವರಿಗೆ ನಗು ಬಂತು, ನನಗೂ ಬಂತು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದೆವು. ಸುಜಾತಾಳ ಕಿಟಕಿಯ ಪರದೆ ಅಲುಗಲಿಲ್ಲ.